ಅಳಿಲಿಗೆ ಮೊದಲ ಮಣ್ಣು

ವಾರದಲ್ಲಿ ಮೂರು ದಿನ ಹುಕ್ಕೇರಿ, ಉಳಿದ ದಿನ ಮೂಡಲಗಿ. ಎರಡೂ ಕಡೆ ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಗೋಕಾಕದ ಮನೆ ಮಲಗಲು ಮಾತ್ರ. ಪಿಎಚ್‌ಡಿ ಮುಗಿದರೆ ಒಂದೇ ಊರಲ್ಲಿ ಕಾಯಂ ಕೆಲಸ ಸಿಕ್ಕೀತೆಂಬ ಆಸೆಯಲ್ಲಿ, ಬಸ್ಸಿನ ಕಂಬಿ ಹಿಡಿದು ನಿಂತೇ ವರ್ಷಗಳನ್ನು ಕಳೆದೆ. ಪ್ರಬಂಧ ಸಲ್ಲಿಸಲು ವಿಶ್ವವಿದ್ಯಾಲಯ ಕೊನೆಯ ಸಲ ಕೊಟ್ಟ ಗಡುವೂ ಆ ವರ್ಷದ ಕೊನೆಗೆ ಮುಗಿಯುವುದಿತ್ತು.

ನನ್ನ ವಿಷಯ ಕೇಳಿದವರು ನಗುತ್ತಾರೆ. ಇಲಿ, ಹೆಗ್ಗಣ, ಅಳಿಲುಗಳು ಚಲಿಸುವ ರೀತಿ ಅವುಗಳ ವಂಶದ ಮಿದುಳನ್ನು ಹೇಗೆ ರೂಪಿಸಿದೆ ಎನ್ನುವುದು. ನೆಲ ಕೊರೆದು ಕತ್ತಲಲ್ಲೇ ಬಾಳುವ ವಂಶದಲ್ಲಿ ನೋಟಕ್ಕೆ ಬೇಕಾದ ಭಾಗಗಳು ಕಾಲಾಂತರದಲ್ಲಿ ಕುಗ್ಗುತ್ತವೆ. ಕೊಂಬೆಯಿಂದ ಕೊಂಬೆಗೆ ಹಾರುವ ಅಳಿಲಿನಲ್ಲಿ, ತಲೆ ಅಲುಗಿದರೂ ಕಣ್ಣನ್ನು ಗುರಿಯ ಮೇಲೆ ನಿಲ್ಲಿಸುವ ಭಾಗ ಚೆನ್ನಾಗಿ ಬೆಳೆದಿರುತ್ತದೆ. ಮಿದುಳು ಹೋದರೂ ಅದರ ಗುರುತು ಬುರುಡೆಯ ಒಳಗೋಡೆಯಲ್ಲಿ ಉಳಿಯುತ್ತದೆ. ರಬ್ಬರ್ ದ್ರಾವಣ ಹೊಯ್ದು ಅಚ್ಚು ತೆಗೆಯಬಹುದು. ಬುರುಡೆ ಒಡೆದಿರಬಾರದು, ಅಷ್ಟೇ.

ಹೆಗ್ಗಣಕ್ಕೇನೂ ಬರವಿರಲಿಲ್ಲ. ಕಬ್ಬು ಕಡಿಯುವವರು ಕೋಲಿನಿಂದ ತಲೆಗೇ ಬಾರಿಸುತ್ತಿದ್ದರೆಂದು ನಾನೇ ಹೊಲಗಳಲ್ಲಿ ಬೋನು ಇಡತೊಡಗಿದೆ. ಅಳಿಲನ್ನು ಮಾತ್ರ, ಪಾಪ ತಟ್ಟುತ್ತದೆಂದು, ಇಲ್ಲಿ ಯಾರೂ ಮುಟ್ಟುವುದಿಲ್ಲ. ಕೊಲ್ಲುವ ಮನಸ್ಸು ನನಗೂ ಇರಲಿಲ್ಲ. ಆದರೆ ಅದರ ಬುರುಡೆಯಿಲ್ಲದೆ ಪ್ರಬಂಧ ಮುಗಿಯುವಂತಿರಲಿಲ್ಲ. ರಸ್ತೆಯಲ್ಲಿ ಸತ್ತದ್ದನ್ನು ಆರಿಸೋಣವೆಂದರೆ ಕಬ್ಬಿನ ಟ್ರ್ಯಾಕ್ಟರು ಅದನ್ನು ಚಪ್ಪಟೆ ಮಾಡಿರುತ್ತಿತ್ತು.

ಅರಭಾವಿಯ ಆಚೆ ಬೋನು ಇಡುತ್ತಿದ್ದ ಹೊಲದಲ್ಲಿ ಕುರುಬರ ಒಂದು ಮನೆಯಿತ್ತು. ಆ ಮನೆಯ ಹಿರಿಯಾಕೆ ಆಯಿ ನನಗೆ ನೀರು ಕೊಟ್ಟು ಕೂರಿಸುತ್ತಿದ್ದರು. ಅಂಗಳದ ಹುಣಸೆಮರದ ತುಂಬ ಅಳಿಲು. ಹೋದಾಗಲೆಲ್ಲ ಅವುಗಳನ್ನೇ ವಿಚಾರಿಸುತ್ತಿದ್ದೆ. ಒಂದಕ್ಕೆ ಏನಾದರೂ ಆದರೆ ತಿಳಿಸಿ ಎಂದು ಆಯಿಯ ಮಗನಿಗೆ ನಂಬರ್ ಕೊಟ್ಟಿದ್ದೆ. ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಹುಕ್ಕೇರಿಯಲ್ಲಿದ್ದಾಗ ಮಗನ ಫೋನ್ ಬಂತು.

"ಅಕ್ಕಾರ, ಅಳಿಲ ಕರೆಂಟ್ ವಾಯರಿಗೆ ಬಡದ ಸತ್ತೈತ್ರಿ. ಲಗೂನ ಬರ್ರಿ."

"ತಲಿ ಒಡದಿಲ್ಲಲ್ಲ?"

"ಏನೂ ಆಗಿಲ್ರಿ. ಮಕ್ಕೊಂಡಂಗ ಐತಿ."

ಸುಳ್ಳೇಕೆ, ಖುಷಿಯಾಯಿತು. ಚೀಲದಲ್ಲಿ ಡಬ್ಬಿ ಹಾಕಿಕೊಂಡು, ಪಾಠ ಮುಗಿಸಿ, ಬಸ್ಸು ಬದಲಿಸಿ, ಸೊಂಟ ಹಿಡಿದುಕೊಂಡು ಅಲ್ಲಿ ಇಳಿದಾಗ ಬಿಸಿಲು ಬಾಡಿತ್ತು.

ಹುಣಸೆಯ ಬುಡದಲ್ಲಿ ಸಣ್ಣ ಕುಣಿ ತೋಡಿದ್ದರು. ಹೊಸ ಕುಪ್ಪಸದ ಬಟ್ಟೆಯಲ್ಲಿ, ದೇವರ ಭಂಡಾರದ ಅರಿಸಿನ ಹಚ್ಚಿಸಿಕೊಂಡು ಅಳಿಲು ಮಲಗಿತ್ತು. ಮನೆಮಂದಿಯೆಲ್ಲ ಸುತ್ತ ಕುಳಿತಿದ್ದರು. ಒಲೆ ಹಚ್ಚಿರಲಿಲ್ಲ.

"ಮಣ್ಣ ಆಗೂತನ ಉಣ್ಣಬಾರದ್ರಿ," ಎಂದರು ಆಯಿ. "ನಿಮ್ಮಷ್ಟ ಜೀವ ಇದರ ಮ್ಯಾಲ ಯಾರೂ ಇಟ್ಟಿರಲಿಲ್ಲ. ಮೊದಲ ಮಣ್ಣ ನೀವ ಹಾಕಬೇಕಂತ ಕಾದೇವಿ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಅವರಿಗೆ ಕಂಡದ್ದು ಅಳು ಮಾತ್ರ. ಡಬ್ಬಿಗೆಂದು ಚೀಲಕ್ಕೆ ಕೈ ಹಾಕಿದೆ. ಬೆಳಗಿನಿಂದ ಹಸಿದು ಕುಳಿತವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು. ವಾದಿಸುವ, ತಿಳಿಸಿ ಹೇಳುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಬರಿಗೈ ಹೊರತೆಗೆದು, ಹಿಡಿ ಮಣ್ಣು ಹಾಕಿದೆ. ಆಯಿ ಸೆರಗಿಗೆ ಕಣ್ಣೊರೆಸಿಕೊಂಡು ರೊಟ್ಟಿ ಬಡಿಯಲು ಎದ್ದರು. ಉಂಡೇ ಹೋಗಬೇಕೆಂದರು. ಉಂಡೆ.

ಗೋಕಾಕದ ಬಸ್ಸಿನಲ್ಲಿದ್ದಾಗ ನನ್ನ ಮಾರ್ಗದರ್ಶಕರು ಫೋನ್ ಮಾಡಿದರು. ನಡೆದದ್ದನ್ನು ಹೇಳಿದೆ.

"ಹೂತಿದ್ದ ಛಲೋ ಆತಲ್ಲ," ಎಂದರು. "ಎಲುಬು ತಾವ ಸ್ವಚ್ಛ ಆಗ್ತಾವು. ಎರಡ ಮೂರ ತಿಂಗಳ ಬಿಟ್ಟು ಅಗದು ತರ್ರಿ. ಗಡುವಿನೊಳಗ ಆಗ್ತೈತಿ."

ಮಾತು ಸರಿಯಾಗಿಯೇ ಇತ್ತು. ಬುರುಡೆಗೆ ಏನೂ ಆಗುವುದಿಲ್ಲ. ಆ ಮನೆಯವರಿಗೆ ಗೊತ್ತಾಗದಂತೆ ತೆಗೆಯಲೂ ಬಹುದು.

"ನಾನ ಮಣ್ಣ ಕೊಟ್ಟೇನ್ರಿ, ಸರ್," ಎಂದೆ.

ನನಗೆ ಅರ್ಥವಾಗಲಿಲ್ಲವೆಂದುಕೊಂಡು ಅವರು ಎಲ್ಲವನ್ನೂ ಮತ್ತೊಮ್ಮೆ ವಿವರಿಸಿದರು. ನಾನು ಹೂಂಗುಟ್ಟಿದೆ. ಗಡುವು ಮುಗಿಯಿತು; ಅಗೆಯಲು ನಾನು ಹೋಗಲಿಲ್ಲ.