ರೇಡಿಯೇಟರಿಗೆ ಹಾರ ಹಾಕಿದವನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಮೋಟಾರು ಓಟದಲ್ಲಿ ನನ್ನ ಗೆಳೆಯನ ಕಾರು ಕುದ್ದು, ಉಗಿ ಬಿಟ್ಟು, ಅಷ್ಟು ದೊಡ್ಡ ಜನಜಂಗುಳಿಯ ಎದುರು ನಿಂತುಹೋದದ್ದು ಇಂಜಿನ್ನಿನ ತಪ್ಪಿನಿಂದಲ್ಲ, ಅವನ ತಪ್ಪಿನಿಂದಲೂ ಅಲ್ಲ. ರೇಡಿಯೇಟರಿನ ಮುಂದೆ ಎರಡು ಮಾರು ಉದ್ದದ ಚೆಂಡುಹೂವಿನ ಹಾರ ತುರುಕಿದವನು ನಾನು. ಆಗ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಗಾಳಿ ಹೋಗುವ ದಾರಿಯನ್ನು ಮುಚ್ಚಿದರೆ ಗಾಳಿ ಹೋಗುವುದಿಲ್ಲ ಎಂಬಷ್ಟು ವಿಜ್ಞಾನವನ್ನು ನಮಗೆ ಇನ್ನೂ ಕಲಿಸಿರಲಿಲ್ಲ.

ಅರವತ್ತರ ದಶಕದ ಮೊದಲರ್ಧದ ಮಾತಿದು. ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ನನಗಿದ್ದ ಒಂದೇ ವಿದ್ಯೆ ಎಂದರೆ ಕಂಡವರ ನಕಲು ಮಾಡುವುದು. ಪ್ರೊಫೆಸರರ ಕೆಮ್ಮು, ಪೋಸ್ಟ್‌ಮಾಸ್ತರರ ಸಿಟ್ಟು, ಏರು ಹತ್ತಲಾರದೆ ನರಳುವ ಹುಬ್ಬಳ್ಳಿ ಬಸ್ಸು, ಎಲ್ಲವೂ ನನ್ನ ಗಂಟಲಲ್ಲಿದ್ದವು. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಹುಡುಕಬೇಕಾಗುತ್ತಿತ್ತು.

ಗೆಳೆಯ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರ ಒಬ್ಬನೇ ಮಗ. ಅವನ ತಂದೆಯನ್ನು ನಾನು ಕಾಕಾ ಎನ್ನುತ್ತಿದ್ದೆ. ಬಿಳಿ ಧೋತರ, ಕರಿ ಟೊಪ್ಪಿಗೆ, ಹಣೆಯ ತುಂಬ ವಿಭೂತಿ. ಹಿಡಿ ಹತ್ತಿಯನ್ನು ಬೆರಳಲ್ಲಿ ಎಳೆದು, ಮೂಗಿಗೆ ಹಿಡಿದು, ಇದು ಯಾವ ಸೀಮೆಯ ಹೊಲದ್ದು, ತೂಕ ಬರಲೆಂದು ನೀರು ಚಿಮುಕಿಸಿದ್ದಾರೋ ಇಲ್ಲವೋ ಎಂದು ಹೇಳಬಲ್ಲ ಮನುಷ್ಯ. ಮಗನಿಗೋ, ಅಂಗಡಿಯ ಗಾದಿಯ ಮೇಲೆ ಕೂತರೆ ಸಾಕು, ಮೈಯೆಲ್ಲ ತುರಿಕೆ. ಅವನ ವಾಸ ತಂದೆಯ ಹಳೆಯ ಕಾರಿನ ಕೆಳಗೆ. ಅಂಗಡಿಯ ಹಿಂದೆ ಖಾಲಿ ಬಿದ್ದಿದ್ದ ಗೋಡೌನಿನಲ್ಲಿ ಗ್ಯಾರೇಜು ತೆಗೆಯಬೇಕೆಂಬುದು ಅವನ ಒಂದೇ ಹಟ. ಮದ್ರಾಸಿನ ಹತ್ತಿರ ದೊಡ್ಡ ಮೋಟಾರು ಓಟ ನಡೆಯುತ್ತದೆ, ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ, ಅದರಲ್ಲಿ ಓಡಿಸಿ ಬಂದರೆ ಗ್ಯಾರೇಜಿಗೆ ಹೆಸರು ಬರುತ್ತದೆ ಎಂದು ಪತ್ರಿಕೆಯ ತುಣುಕು ಕತ್ತರಿಸಿ ತಂದು ತಂದೆಯ ಮುಂದಿಟ್ಟ. ಕಾಕಾ ಚಷ್ಮಾ ಏರಿಸಿಕೊಂಡು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಗೆಲ್ಲೂದು ಬ್ಯಾಡ," ಎಂದರು. "ನನ್ನ ಕಾರಿಗೆ ರೆಕ್ಕಿ ಇಲ್ಲ, ಗೊತ್ತೈತಿ. ಎಲ್ಲಾರ ಜೋಡಿ ಹೊಂಡು, ಎಲ್ಲಾರ ಜೋಡಿ ಮುಗಸು. ಮುಗಿಸಿದಿ ಅಂದ್ರ ಗೋಡೌನಿನ ಕೀಲಿ ನಿಂದು. ನಡಬರಕ ನಿಂತಿ ಅಂದ್ರ ಯುಗಾದಿ ದಿವಸ ಬಂದು ಗಾದಿ ಮ್ಯಾಲ ಕೂಡಬೇಕು. ಆಮ್ಯಾಲ ಈ ಮನ್ಯಾಗ ಮೋಟರಿನ ಮಾತು ತಗೀಬಾರದು."

"ಆತ್ರಿ ಅಪ್ಪಾ," ಎಂದ ಗೆಳೆಯ.

"ನಾನೂ ನೋಡಾಕ ಬರಾಂವ. ನೀ ಮುಗಿಸಿದಿಯೋ ಇಲ್ಲೋ ಅನ್ನೂದನ್ನ ಈ ನಕಲಿ ಬಾಯಿಲೆ ಕೇಳಾಕ ನಾ ತಯಾರಿಲ್ಲ."

ನಕಲಿ ಎಂದರೆ ನಾನು.

ಗೆಳೆಯ ಕಾರಿನ ಸೈಲೆನ್ಸರು ಕಿತ್ತ, ಹಿಂದಿನ ಸೀಟು ಕಿತ್ತ. ಹೊರಡುವ ದಿನ ಕಾಕಾ ಬಾಗಿಲು ತೆರೆದು ಒಳಗೆ ಇಣುಕಿದರು.

"ಹಿಂದಿನ ಸೀಟ ಎಲ್ಲಿ ಹೋತೋ?"

"ತೂಕ ಕಡಿಮಿ ಮಾಡೇನ್ರಿ ಅಪ್ಪಾ."

"ಹಂಗಿದ್ರ ನೀನೂ ಇಳದ ಬಿಡು. ಇನ್ನೂ ಹಗರ ಆಕೈತಿ."

ಅವನು ರಸ್ತೆ ಹಿಡಿದು ನಾಲ್ಕು ದಿನ ಮೊದಲೇ ಹೋದ. ಕಾಕಾ ಮತ್ತು ನಾನು ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ರೈಲಿನಲ್ಲಿ ಹೋದೆವು. ಹೊರಡುವಾಗ ಗೆಳೆಯನ ತಾಯಿ ಬುತ್ತಿಯ ಜೊತೆ ಹಸಿ ಬಟ್ಟೆಯಲ್ಲಿ ಸುತ್ತಿದ ಹಾರವೊಂದನ್ನು ನನ್ನ ಕೈಗಿಟ್ಟರು. ಮಠದ ಗದ್ದುಗೆಯ ಮೇಲಿಂದ ಇಳಿಸಿ ತಂದದ್ದು. ಖಂಡೇಪೂಜೆಯ ದಿನ, ಎಂದರೆ ಆಯುಧಪೂಜೆಗೆ, ಹಾರ ಹಾಕಿಸಿಕೊಳ್ಳದ ಸೈಕಲ್ಲು ಕೂಡ ನಮ್ಮ ಕಡೆ ಸಿಗುವುದಿಲ್ಲ. ಅಂಥದ್ದರಲ್ಲಿ ಮಗ ಪರಸ್ಥಳದಲ್ಲಿ ಬರಿಗಾಡಿ ಓಡಿಸುವುದೇ?

"ತಮ್ಮಾ, ಗಾಡಿ ಓಡೂ ಮುಂದ ಈ ಹಾರ ಗಾಡಿಗೆ ಇರಬೇಕು. ನೆಲಕ್ಕ ಬೀಳಬಾರದು, ಕಂಡಕಂಡಲ್ಲಿ ಒಗೀಬಾರದು. ನನ್ನ ಆಣಿ ನೋಡಪಾ," ಎಂದರು.

"ಇರತೈತ್ರಿ ಅವ್ವಾರ," ಎಂದೆ. ಜೀವಮಾನದಲ್ಲಿ ನಾನು ಉಳಿಸಿಕೊಂಡ ಒಂದೇ ಮಾತು ಅದು. ಉಳಿಸಿಕೊಳ್ಳದಿದ್ದರೆ ಚೆನ್ನಾಗಿತ್ತು.

ಓಟದ ಬಯಲು ನೋಡಿ ನನಗೆ ನಗು ಬಂತು. ಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ಹಾಕಿದ್ದ ಸಿಮೆಂಟಿನ ಪಟ್ಟಿ. ಸುತ್ತ ಎತ್ತ ನೋಡಿದರೂ ಬಿಸಿಲು. ತಿರುವಿಗೊಂದಿಷ್ಟು ಹುಲ್ಲಿನ ಪೆಂಡಿ, ಡಾಂಬರಿನ ಖಾಲಿ ಪೀಪಾಯಿ. ಇಷ್ಟಕ್ಕೆ ಟಿಕೆಟ್ಟು. ಒಂದು ಕಡೆ ಚಪ್ಪರದ ಕೆಳಗೆ ಕುರ್ಚಿಯ ಜನ. ಅವರಿಗೆ ಬೆತ್ತದ ಬುಟ್ಟಿಯಲ್ಲಿ ತಿಂಡಿ, ಕಣ್ಣಿಗೆ ಕರಿ ಕನ್ನಡಕ, ನಡುನಡುವೆ ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಹಲ್ಲು. ಇನ್ನೊಂದು ಕಡೆ ಹಗ್ಗದ ಹಿಂದೆ ನಾವು, ತಲೆಯ ಮೇಲೆ ಕರವಸ್ತ್ರ.

ಗೆಳೆಯ ಸಹಾಯಕನ ಪಟ್ಟಿಯೊಂದನ್ನು ನನ್ನ ತೋಳಿಗೆ ಕಟ್ಟಿ ಒಳಗೆ ಕರೆದುಕೊಂಡ. ಪಟ್ಟಿ ಕಟ್ಟಿದ್ದೇ ತಡ, ನನ್ನ ನಡಿಗೆಯೇ ಬದಲಾಯಿತು. ಇಂಜಿನ್ನಿನ ಬಗ್ಗೆ ನನಗೆ ಗೊತ್ತಿದ್ದುದು ಅದರ ದನಿ ಮಾತ್ರ. ಆದರೂ ಪಕ್ಕದ ಕಾರಿನವನ ಬಾನೆಟ್ಟಿಗೆ ಕಿವಿಗೊಟ್ಟು, ತಲೆ ಅಲ್ಲಾಡಿಸಿ ಬಂದೆ. ಪಾಪ, ಅವನು ಹೆದರಿ ಮತ್ತೆ ಬಾನೆಟ್ಟು ಎತ್ತಿದ.

ಹಾರವನ್ನು ಬಾನೆಟ್ಟಿನ ಮೇಲೆ ಹರಡಿ ಕಟ್ಟಿದೆ. ಸೀಟಿ ಊದುತ್ತ ಅಧಿಕಾರಿಯೊಬ್ಬ ಬಂದ. ದಪ್ಪ ಮೀಸೆ, ಮೊಣಕಾಲ ಮಟ್ಟದ ಚಡ್ಡಿ. ಹಾರವನ್ನು ಬೆರಳ ತುದಿಯಿಂದ, ಸತ್ತ ಇಲಿಯನ್ನು ತೋರಿಸುವ ಹಾಗೆ ತೋರಿಸಿ, ಬಿಚ್ಚು ಎಂದ. ಗೆಳೆಯ ಶಿರಸ್ತ್ರಾಣ ತರಲು ಹೋಗಿದ್ದ. ನಾನು ಬಿಚ್ಚಿದೆ. ಬಿಚ್ಚಿ ಎಲ್ಲಿಡಲಿ? ನೆಲಕ್ಕೆ ಬೀಳಬಾರದು, ಒಗೆಯಬಾರದು, ಗಾಡಿಗೆ ಇರಬೇಕು. ಆಗ ನನ್ನ ಬುದ್ಧಿ ಮಿಂಚಿತು. ಮುಂದಿನ ಜಾಲರಿಯ ಸಂದಿಯಲ್ಲಿ ಕೈ ಹಾಕಿ, ಯಾರ ಕಣ್ಣಿಗೂ ಬೀಳದಂತೆ, ಹಾರವನ್ನು ಸುರುಳಿ ಸುರುಳಿಯಾಗಿ ಒಳಗೆ ಇಳಿಬಿಟ್ಟೆ. ಅಧಿಕಾರಿಗೂ ಸಮಾಧಾನ, ಅವ್ವಾರ ಆಣೆಗೂ ಸಮಾಧಾನ. ನನ್ನಷ್ಟು ಜಾಣ ಮದ್ರಾಸು ಪ್ರಾಂತ್ಯದಲ್ಲೇ ಇಲ್ಲ ಎಂದುಕೊಳ್ಳುತ್ತ ಹಗ್ಗದ ಹಿಂದಕ್ಕೆ ಬಂದು ಕಾಕಾನ ಪಕ್ಕ ನಿಂತೆ.

ಮೋಟಾರು ಓಟ ನೋಡುವುದೆಂದರೆ ಏನೆಂದು ನೋಡದವರಿಗೆ ಹೇಳಬೇಕು. ಬಿಸಿಲಲ್ಲಿ ನಿಲ್ಲಬೇಕು. ದೂರದಲ್ಲೊಂದು ದುಂಬಿ ಗುಂಯ್‌ಗುಡುತ್ತದೆ. ಜನ ಕತ್ತು ಚಾಚುತ್ತಾರೆ. ಧೂಳು, ಹೊಗೆ, ಸುಟ್ಟ ಎಣ್ಣೆಯ ವಾಸನೆ. ಹೋಯಿತು! ಜನ ಕತ್ತು ಒಳಗೆಳೆದುಕೊಳ್ಳುತ್ತಾರೆ. ಇಷ್ಟೇ. ಇದನ್ನೇ ಹದಿನೆಂಟು ಸಲ ಮಾಡಬೇಕು. ನಾಲ್ಕು ಸುತ್ತು ಆಗುವ ಹೊತ್ತಿಗೆ ಯಾರು ಮುಂದೆ, ಯಾರು ಹಿಂದೆ ಎಂಬುದು ದೇವರಿಗೂ ತಿಳಿಯದು. ಧ್ವನಿವರ್ಧಕದಲ್ಲಿ ಒಬ್ಬ ಅದನ್ನು ಹೇಳುತ್ತಿದ್ದ. ಅದರಲ್ಲಿ ನನಗೆ ತಿಳಿದದ್ದು ಅವನಿಗೆ ನೆಗಡಿಯಾಗಿದೆ ಎಂಬುದಷ್ಟೇ. ನಮ್ಮ ಪಕ್ಕದಲ್ಲಿ ಕೊರಳಿಗೆ ದುರ್ಬೀನು ತೂಗುಹಾಕಿಕೊಂಡವನೊಬ್ಬ ಪ್ರತಿ ಸುತ್ತಿಗೂ "ಕೆಂಪು ಕಾರೇ ಮುಂದು" ಎಂದು ಇಂಗ್ಲಿಷಿನಲ್ಲಿ ಸಾರುತ್ತಿದ್ದ. ಕೆಂಪು ಕಾರು ಮೂರನೆಯ ಸುತ್ತಿನಲ್ಲೇ ಹುಲ್ಲಿನ ಪೆಂಡಿಗೆ ಮುಖವಿಟ್ಟು ಮಲಗಿತ್ತು. ಹುಬ್ಬಳ್ಳಿಯ ರೈಲ್ವೆ ಗೇಟು ಬಿದ್ದಾಗ ನಿಂತು ನೋಡಿದರೆ ಇದಕ್ಕಿಂತ ಹೆಚ್ಚು ಬಗೆಯ ವಾಹನಗಳನ್ನೂ, ಇದಕ್ಕಿಂತ ಒಳ್ಳೆಯ ಬೈಗುಳಗಳನ್ನೂ ಪುಕ್ಕಟೆ ಪಡೆಯಬಹುದಿತ್ತು. ಹಾಗಿದ್ದೂ ನಾನು ಪ್ರತಿ ಸುತ್ತಿಗೂ ಕುಣಿದು ಕೂಗುತ್ತಿದ್ದೆ. ಒಂದೆರಡು ಸಲ ಬೇರೆಯವರ ಕಾರಿಗೂ ಕೂಗಿದೆ. ಆ ವೇಗದಲ್ಲಿ ಗೆಳೆಯ ಯಾರು, ಪರಕೀಯ ಯಾರು?

ಕಾಕಾ ಐದನೆಯ ಸುತ್ತಿನವರೆಗೆ ತಡೆದುಕೊಂಡರು.

"ಏನ ತಮ್ಮಾ, ಇವು ಎಲ್ಲಿಗೆ ಹೊಂಟಾವು?"

"ಎಲ್ಲಿಗೂ ಇಲ್ರಿ ಕಾಕಾ. ಸುತ್ತು ಹಾಕಿ ಇಲ್ಲೇ ಬರತಾವು."

"ಇಲ್ಲೇ ಬರೂದಿತ್ತಂದ್ರ ಹೊಂಟದ್ದ ಯಾಕ?"

"ಯಾರು ಲಗೂ ಬರತಾರ ಅನ್ನೂದ ಆಟರಿ."

"ನಮ್ಮ ಓಣ್ಯಾಗ ಗಾಣದ ಎತ್ತೂ ಸುತ್ತತೈತಿ. ಅದರ ಹಿಂದ ಎಣ್ಣಿಯಾದ್ರೂ ಬರತೈತಿ, ಇವುಗಳ ಹಿಂದ ಬರೇ ಹೊಗಿ. ನೀ ಕತ್ತು ತಿರುವಿಕೋತ ನಿಂದರು. ನಾ ಒಂದೀಟು ಅಡ್ಡ್ಯಾಡಿ ಬರ್ತೇನಿ."

ಧೋತರದ ಚುಂಗು ಎತ್ತಿ ಹಿಡಿದು ಹಗ್ಗದ ಗುಂಟ ಹೊರಟುಹೋದರು. ಚಹಾ ಹುಡುಕಿಕೊಂಡು ಹೋದರೆಂದು ನಾನು ತಿಳಿದೆ.

ಒಂಬತ್ತನೆಯ ಸುತ್ತಿನಲ್ಲಿ ನಮ್ಮ ಕಾರು ಬರಲಿಲ್ಲ. ಅದರ ಹಿಂದಿದ್ದವೆಲ್ಲ ಬಂದವು. ದುರ್ಬೀನಿನವನು ತಿರುವಿನ ಕಡೆ ನೋಡಿ, ಯಾವುದೋ ಕಾರು ಉಗಿಬಂಡಿಯಾಗಿದೆ ಎಂದು ನಕ್ಕ. ನಾನು ಓಡಿದೆ. ಹೋಗಿ ನೋಡಿದರೆ ಕಾಕಾ ಆಗಲೇ ಅಲ್ಲಿ ಹಗ್ಗದ ಹತ್ತಿರ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದರು. ಗೆಳೆಯ ಕಾರನ್ನು ಹುಲ್ಲಿಗಿಳಿಸಿ ಬಾನೆಟ್ಟು ಎತ್ತಿದ್ದ. ಅಂಗಿ ಬಿಚ್ಚಿ ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಂದೆ ತಡಕಾಡಿದ. ಬೆಂದ ಪಲ್ಯೆಯಂಥ ಮುದ್ದೆಯೊಂದು ಈಚೆ ಬಂತು. ಅದನ್ನು ನೋಡಿದ, ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

"ಏನಾತೋ?" ಎಂದರು ಕಾಕಾ.

"ಹುಲ್ಲು ಸಿಕ್ಕಿತ್ರಿ ಅಪ್ಪಾ. ತಿರುವಿನ್ಯಾಗ ಪೆಂಡಿ ಇಟ್ಟಾರಲ್ಲ, ಅದು."

ಅವನಿಗೆ ಹಾಗೆ ಹೇಳುವ ಗರಜು ಏನೂ ಇರಲಿಲ್ಲ. ಗೋಡೌನಿನ ಕೀಲಿ ಕೈತಪ್ಪಿ ಹೋಗುತ್ತಿತ್ತು. ನನ್ನ ಕಡೆ ಬೆರಳು ತೋರಿಸಿದ್ದರೆ ಮುಗಿದಿತ್ತು. ತೋರಿಸಲಿಲ್ಲ. ಕುದಿತಕ್ಕೆ ನೀರಿನ ರಬ್ಬರು ಕೊಳವೆ ತುದಿಯಲ್ಲಿ ಒಡೆದಿತ್ತು. ಒಡೆದಷ್ಟನ್ನು ಚಾಕುವಿನಿಂದ ಕತ್ತರಿಸಿದ, ಉಳಿದದ್ದನ್ನು ಎಳೆದು ಮತ್ತೆ ತೂರಿಸಿ ತಂತಿಯಿಂದ ಬಿಗಿದ, ಬೆರಳು ಸುಟ್ಟಾಗ ಬಾಯಲ್ಲಿಟ್ಟುಕೊಂಡ. ಇಂಜಿನ್ನು ತಣಿಯುವ ತನಕ ಕಾದು, ಬೆಂಕಿ ಆರಿಸಲೆಂದು ಅಲ್ಲಿಟ್ಟಿದ್ದ ಬಕೀಟಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿದ. ಕಾರು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಎದ್ದಿತು. ಅವನು ಮತ್ತೆ ಹೊರಟ.

ಹೊರಟದ್ದೇನೋ ಖರೆ, ಆದರೆ ಓಟ ಮುಗಿದಿತ್ತು. ನಿಶಾನೆ ಬೀಸುವವನು ನಿಶಾನೆಯನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಬಾಳೆಹಣ್ಣು ಸುಲಿಯುತ್ತಿದ್ದ. ಮೀಸೆಯ ಅಧಿಕಾರಿ ಪಟ್ಟಿ ನೋಡಿ, "ನಾಟ್ ಫಿನಿಷ್ಡ್" ಎಂದು ಗೆಳೆಯನ ನಂಬರಿನ ಮುಂದೆ ಗೀಟು ಎಳೆದ. ನಾನು ಅವನ ಹಿಂದೆ ನಿಂತು ಹೊಟ್ಟೆ ಮುಂದೆ ಮಾಡಿ ಅವನ ನಕಲು ಮಾಡಿದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ರೈಲಿನಲ್ಲಿ ಕಾಕಾ ಆ ವಿಷಯ ಎತ್ತಲೇ ಇಲ್ಲ. ಎದುರಿಗೆ ಕೂತವರೊಬ್ಬರು, ಮದ್ರಾಸಿನಾಗ ಏನೇನ ನೋಡಿದ್ರಿ ಎಂದು ಕೇಳಿದಾಗ ಮಾತ್ರ, "ಮಂದಿ ಟಿಕೀಟ ತಗಸಿ ಬಿಸಲ ಕಾಯಿಸ್ಕೊಳ್ಳೂದನ್ನ ನೋಡಿದ್ವಿ," ಎಂದು ಟೊಪ್ಪಿಗೆಯನ್ನು ಕಣ್ಣಿನ ಮೇಲೆ ಎಳೆದುಕೊಂಡರು.

ಗೆಳೆಯ ಕಾರು ಓಡಿಸಿಕೊಂಡು ಊರು ಮುಟ್ಟಿದ ಮರುದಿನ ನಾನು ಹುಬ್ಬಳ್ಳಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ತಪ್ಪೊಪ್ಪಿಗೆಯನ್ನು ತಾಲೀಮು ಮಾಡಿದೆ. ವಕೀಲರ ದನಿಯಲ್ಲಿ ಹೇಳಿ ನೋಡಿದೆ, ಮಠದ ಪುರಾಣಿಕರ ದನಿಯಲ್ಲಿ ಹೇಳಿ ನೋಡಿದೆ. ಯಾವುದರಲ್ಲೂ ಅದು ನಂಬುವಂತೆ ಕೇಳಿಸಲಿಲ್ಲ. ಅಂಗಡಿಯಲ್ಲಿ ಗೆಳೆಯ ಯುಗಾದಿಗೂ ಕಾಯದೆ ಬಿಳಿ ಧೋತರ ಉಟ್ಟು, ಬೆರಳಿಗೆ ಪಟ್ಟಿ ಸುತ್ತಿಕೊಂಡು, ತಂದೆಯ ಪಕ್ಕ ಗಾದಿಯ ಮೇಲೆ ಕೂತಿದ್ದ. ತುರಿಸಿಕೊಳ್ಳುತ್ತಲೂ ಇರಲಿಲ್ಲ. ಅದನ್ನು ನೋಡಿ ನನ್ನ ತಾಲೀಮೆಲ್ಲ ಮರೆತುಹೋಯಿತು.

"ಕಾಕಾ, ಅದು ಹುಲ್ಲಲ್ರಿ," ಎಂದೆ. "ಅವ್ವಾರು ಕೊಟ್ಟ ಹಾರ. ನಾನ ಒಳಗ ತುರುಕಿದ್ನಿ."

"ಬಿಡಲೇ," ಎಂದ ಗೆಳೆಯ, ತಲೆ ಎತ್ತದೆ.

ಕಾಕಾ ಕೈಯಲ್ಲಿದ್ದ ಹತ್ತಿಯ ಎಳೆಯನ್ನು ಕೆಳಗಿಡಲೂ ಇಲ್ಲ. "ಗೊತ್ತೈತಿ. ಹುಲ್ಲು ಚೆಂಡಹೂವಿನ ವಾಸನಿ ಹೊಡಿತೈತೇನು?"

ಇಷ್ಟು ದಿನ ಹೊತ್ತುಕೊಂಡು ತಿರುಗಿದ ಗುಟ್ಟು ಈ ಮನುಷ್ಯನ ಮೂಗಿಗೆ ಆವತ್ತೇ ತಿಳಿದಿತ್ತು. ಆದರೂ ನಾನು ಬಿಡಲಿಲ್ಲ.

"ಹಂಗಾರ ತಪ್ಪು ಅವಂದಲ್ಲಲ್ರಿ ಕಾಕಾ! ನಾ ಅಡ್ಡ ಬರಲಿಲ್ಲಂದ್ರ ಅಂವ ಮುಗಿಸ್ತಿದ್ದ. ಮುಗಿಸಿದ್ರ ಕೀಲಿ ಕೊಡ್ತೇನಿ ಅಂತ ನೀವ ಅಂದಿದ್ರಿ."

"ಮುಗಿಸ್ತಿದ್ದ, ಎಲ್ಲಾರಕಿಂತ ಹಿಂದ." ಕಾಕಾ ಗಾದಿಯ ಕೆಳಗೆ ಕೈ ಹಾಕಿ ಗೋಡೌನಿನ ಕೀಲಿ ತೆಗೆದು ಮಗನ ಮುಂದೆ ಒಗೆದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವೆಲ್ಲಾರೂ ಓಡೂ ಗಾಡಿ ನೋಡಿದ್ರಿ, ನಾ ನಿಂತಾವನ್ನ ನೋಡಿದ್ನಿ. ಹತ್ತೊಂಬತ್ತರಾಗ ಎಂಟು ನಿಂತ್ವು. ಏಳು ಮಂದಿ ಇಳದು ಸಿಗರೇಟ ಹಚ್ಚಿದ್ರು, ಇಂವ ಒಬ್ಬನ ಕೈ ಸುಟಗೊಂಡು ತಿರಗಿ ಚಾಲೂ ಮಾಡಿದ. ಓಡಸಾಕ ಇವಗ ಬರೂದಿಲ್ಲ, ಗ್ಯಾರೇಜ ತಗೀಲಿ."