ಹಗೇವಿನೊಳಗಿಂದ ಹೇಳಿದ ಪಾಠ

ಬಿಸ್ಕೀಟಿನ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ನಾನು ಮುಖವನ್ನು ಗೇಣುದ್ದ ಹಿಂದಕ್ಕೆಳೆದುಕೊಳ್ಳುತ್ತೇನೆ. ಡಬ್ಬಿಗೆ ಸಲ್ಲಿಸುವ ಈ ವಿನಯವನ್ನು ಕಂಡು ಹೆಂಡತಿ ನಗುತ್ತಾಳೆ, ನಗಲಿ. ಅವಳು ಕುಲಗೋಡದ ನಮ್ಮ ಕಾಕಾರ ಹಗೇವನ್ನು ಕಂಡವಳಲ್ಲ.

ಹಗೇವೆಂದರೆ, ಮಿತ್ರರೇ, ಜೋಳ ತುಂಬಿಡುವ ನೆಲದೊಳಗಿನ ಗುಂಡಿ: ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ವಿಶಾಲ. ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ತಿಂಗಳುಗಟ್ಟಲೆ ಒಳಗೆ ಗಾಳಿಯಾಡದು. ತೆರೆದ ದಿನವೇ ಯಾರೂ ಇಳಿಯಬಾರದು, ಮೊದಲು ದೀಪ ಇಳಿಬಿಟ್ಟು ನೋಡಬೇಕು ಎಂಬುದು ಊರಿನ ಪದ್ಧತಿ. ನಾನೋ, ಆಗಷ್ಟೇ ಧಾರವಾಡದಲ್ಲಿ ಜೀವಶಾಸ್ತ್ರ ಓದಿ ಪದವಿಯ ಭಾರ ಹೊತ್ತು ಬಂದವನು.

ಹಗೇವು ತೆರೆದ ಆ ಬೆಳಿಗ್ಗೆ, ಜೋಳ ಹೇರಿಕೊಂಡು ಮೂಡಲಗಿಯ ಪೇಟೆಗೆ ಹೊರಡಬೇಕಾದ ಗಾಡಿ ಕಾಯುತ್ತಿತ್ತು. ಬುಟ್ಟಿಯಲ್ಲಿಟ್ಟು ಇಳಿಬಿಟ್ಟ ಚಿಮಣಿ ದೀಪ ಎರಡು ಸಲ ಆರಿತು. ಕಾಕಾ ನನ್ನ ಮುಖ ನೋಡಿದರು. ಮನೆಯಲ್ಲಿ ಓದಿದವನು ನಾನೊಬ್ಬನೇ.

"ಬುಟ್ಟಿ ಅಳ್ಳಾಡಿ ಆರೇತ್ರಿ ಕಾಕಾ, ಇಳೀರಿ" ಎಂದೆ.

"ದೀಪ ಒಲ್ಲೆ ಅಂದ ಜಾಗಾ ನಿಮಗ್ಯಾಕ ಬೇಕ್ರಿ?" ಎಂದ ಚಿಗವ್ವ, ಗಂಡ ಕೇಳುವುದಿಲ್ಲವೆಂದು ತಿಳಿದು, ಅವರ ಸೊಂಟಕ್ಕೆ ಹಗ್ಗವನ್ನಾದರೂ ಬಿಗಿದಳು.

ಕಾಕಾ ಇಳಿದರು. ಏನನ್ನೋ ಹೇಳುತ್ತಿದ್ದವರ ಮಾತು ಅರ್ಧಕ್ಕೆ ನಿಂತಿತು. ಆ ಉಳಿದರ್ಧಕ್ಕಾಗಿ ನಾನು ಇಂದಿಗೂ ಕಾಯುತ್ತಿದ್ದೇನೆ. ಚಿಗವ್ವ, ಗಾಡಿಯವನು, ನಾನು ಸೇರಿ ಎಳೆದೆವು. ಮೇಲೆ ಬಂದ ಮುಖ ನೀಲಿಗಟ್ಟಿತ್ತು. ನೆರಳಲ್ಲಿ ಮಲಗಿಸಿದ ಎಷ್ಟೋ ಹೊತ್ತಿನ ಮೇಲೆ ಎದೆ ಒಮ್ಮೆ ಏರಿತು, ಇಳಿಯಿತು, ಮತ್ತೆ ಏರಿತು. ಚಿಗವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಎರಡು ದಿನ ಹಗೇವನ್ನು ತೆರೆದಿಟ್ಟು, ದೀಪ ನಿಂತು ಉರಿಯುವುದನ್ನು ಕಂಡ ಮೇಲೆ, ಈ ಸಲ ನಾನೇ ಇಳಿಯುತ್ತೇನೆಂದೆ. ಹಗ್ಗ ಹಿಡಿದವರು ಕಾಕಾ. ಅವರದು ಒಂದೇ ಶರತ್ತು: "ಸುಮ್ಮನಾಗಬ್ಯಾಡ. ಮಾತಾಡಕೋಂತ ಇರು."

ಏನು ಮಾತಾಡಲಿ? ಗೊತ್ತಿದ್ದದ್ದು ಪಾಠವೊಂದೇ. ಬುಟ್ಟಿಗೆ ಜೋಳ ತುಂಬಿ ಮೇಲಕ್ಕೆ ಕಳಿಸುತ್ತ ಕೂಗಿ ಹೇಳಿದೆ: ಕಾಳಿಗೂ ಜೀವವಿದೆ, ಅದರ ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯವೆಂಬ ಸೂಕ್ಷ್ಮ ಒಲೆಗಳಿವೆ, ಅವು ಆಹಾರದ ಸಕ್ಕರೆಯನ್ನು ಆಮ್ಲಜನಕದೊಡನೆ ಮೆಲ್ಲಗೆ ಉರಿಸಿ ಶಕ್ತಿ ಪಡೆದು, ಉಸಿರಿಗೆ ಬಾರದ ಗಾಳಿಯನ್ನು ಹೊರಬಿಡುತ್ತವೆ, ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳವೂ ಸೇರಿ ಆಮ್ಲಜನಕವನ್ನು ತೀರಿಸಿದ್ದವು, ನಮ್ಮ ಮೆದುಳಿನಲ್ಲೂ ಅವೇ ಒಲೆಗಳು, ಆದರೆ ಕಾಳಿನ ತಾಳ್ಮೆ ಅವಕ್ಕಿಲ್ಲ. ಪರೀಕ್ಷೆಯಲ್ಲಿ ಇದನ್ನೇ ಬರೆದು ನಾನು ಪಾಸಾಗಿದ್ದೆ. ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ತುಸು ತಡೆದರೆ ಸಾಕು, ಸೊಂಟದ ಹಗ್ಗ ಬಿಗಿಯುತ್ತಿತ್ತು.

ಪಾಠ ಮುಗಿಯಿತು, ಜೋಳ ಇನ್ನೂ ಮೊಣಕಾಲುದ್ದವಿತ್ತು. ಸೊಂಟದ ಹಗ್ಗ ಮತ್ತೆ ಬಿಗಿಯಿತು, ಮೇಲಿನಿಂದ ಕಾಕಾರ ದನಿ ಬಂತು.

"ತಿಳೀಲಿಲ್ಲೋ ತಮ್ಮಾ. ಮತ್ತ ಮೊದಲಿಂದ ಹೇಳು."