ಕುಂಕುಮವಿಟ್ಟ ಸ್ಪ್ಯಾನರ್

ಸಾಂಬ್ರಾಣಿ ಹೊಗೆ, ಸುಟ್ಟ ಆಯಿಲ್ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದರೆ ನಾನು ಈಗಲೂ ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ. ಈ ಸಲದ ಆಯುಧಪೂಜೆಯ ದಿನ ಮಾಚೇನಹಳ್ಳಿಯ ನಮ್ಮ ಗ್ಯಾರೇಜಿನಲ್ಲಿ ಪೂಜೆ ಆಗಷ್ಟೇ ಮುಗಿದಿತ್ತು. ಶಿವಮೊಗ್ಗದ ಗಿರಾಕಿಯೊಬ್ಬ ಹಳೇ ಬೈಕಿನಲ್ಲಿ ಬಂದಿಳಿದ. "ಅಣ್ಣಾ, ಕ್ರ್ಯಾಂಕ್ ತೂಕ ಇಳ್ಸಿದೀನಿ. ಪಿಕಪ್ ಸಖತ್ತಾಗಿದೆ. ಆದ್ರೆ ಯಾಕೋ ನಡುಗ್ತಿದೆ. ಮಾಡ್ಸಿದ್ದು ವೇಸ್ಟಾ?" ಎಂದ.

ವೇಸ್ಟೋ ಅಲ್ಲವೋ, ನನಗೇನು ಗೊತ್ತು ಹೇಳಿ. ನಮ್ಮಣ್ಣ ಮಂಜುವನ್ನು ಕೇಳಿದ್ದರೆ ಊಟ ಬಿಟ್ಟು ಎದ್ದು ಬಂದು ಉತ್ತರ ಹೇಳುತ್ತಿದ್ದ. ಎಂಜಿನ್ನಿನ ಹೊಟ್ಟೆಯಲ್ಲಿ ತಿರುಗುವ ಆ ಭಾರದ ಉಕ್ಕನ್ನು ಲೇತಿಗೆ ಹಾಕಿ ಸವರಿದರೆ ಬೈಕು ಹಾರುತ್ತದೆ ಎಂದು ಅವನ ನಂಬಿಕೆ. ಹಾರುತ್ತಲೂ ಇತ್ತು, ಸುಳ್ಳು ಹೇಳಬಾರದು. "ನೀನು ಹಿಂದೆ ಹತ್ಬೇಡ ಮಾರಾಯ, ನಾನು ಇಳ್ಸಿದ ತೂಕನೆಲ್ಲ ನೀನೇ ವಾಪಸ್ ಹಾಕ್ತೀಯ" ಎಂದು ನನ್ನ ಹೊಟ್ಟೆಗೆ ತಿವಿಯುತ್ತಿದ್ದ. ಆ ಹೊಟ್ಟೆ ಈಗ ಇನ್ನಷ್ಟು ಬೆಳೆದಿದೆ. ನೋಡಿ ನಗುವುದಕ್ಕೆ ಅವನಿಲ್ಲ.

ಅವನು ಹೋದ ದಿನವೂ ಆಯುಧಪೂಜೆಯೇ. ಬೆಳಿಗ್ಗೆ ತನ್ನ ಬೈಕಿಗೆ ಸವರಿದ ಕ್ರ್ಯಾಂಕ್ ಹಾಕಿ ಎಂಜಿನ್ ಜೋಡಿಸಿ ಸ್ಟಾರ್ಟ್ ಮಾಡಿದರೆ ಹ್ಯಾಂಡಲ್ ಜುಮ್ಮೆನ್ನುತ್ತಿತ್ತು. "ಬ್ಯಾಲೆನ್ಸ್ ತಪ್ಪಿದೆ ಕಣೋ, ಬಿಚ್ಬೇಕು" ಎಂದು ಸ್ಪ್ಯಾನರಿಗೆ ಕೈ ಚಾಚಿದ. ಅಷ್ಟರಲ್ಲಿ ಅಮ್ಮ ಸಾಮಾನಿಗೆಲ್ಲ ಕುಂಕುಮವಿಟ್ಟು ಮಂಗಳಾರತಿ ಎತ್ತಿಬಿಟ್ಟಿದ್ದಳು. "ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಬೇಡ. ನಾಳೆ ಬಿಚ್ಚು" ಎಂದಳು. ಸಾಮಾನು ಮುಟ್ಟಬಾರದು, ಗಾಡಿ ಮಾತ್ರ ನಿಂಬೆಹಣ್ಣಿನ ಮೇಲೆ ಹತ್ತಿ ಒಂದು ಸುತ್ತು ಹೋಗಿ ಬರಲೇಬೇಕು. ಎರಡೂ ಶಾಸ್ತ್ರವೇ. "ನ್ಯೂ ಟೌನ್ ತನಕ ಹೋಗ್ಬರ್ತೀನಿ" ಎಂದು ನಿಂಬೆಹಣ್ಣು ಒಡೆದು ಹೊರಟ. ಭದ್ರಾವತಿ ರಸ್ತೆಯಲ್ಲಿ ಕ್ರ್ಯಾಂಕ್ ತಿರುಚಿಕೊಂಡು ಎಂಜಿನ್ ಜಾಮಾಯಿತು, ಹಿಂದಿನ ಚಕ್ರ ಕಚ್ಚಿಕೊಂಡಿತು, ಅವನು ಎದುರಿನ ಲಾರಿಯಡಿಗೆ ಬಿದ್ದ. ಹಾಳಾದ ಶಾಸ್ತ್ರ! ನಾಳೆ ಬಿಚ್ಚು ಎಂದಿದ್ದ ಆ ಮಾತನ್ನು ಅಮ್ಮ ಮತ್ತೆ ಎತ್ತಲಿಲ್ಲ. ಪೂಜೆಯನ್ನೂ ಬಿಡಲಿಲ್ಲ.

ಗಿರಾಕಿ ಸ್ಪ್ಯಾನರುಗಳ ಮೇಲಿನ ಕುಂಕುಮ ನೋಡಿ, "ಓ, ಪೂಜೆ ಆಗೋಯ್ತಾ? ನಾಳೆ ಬಿಚ್ಚೋಣ ಬಿಡಣ್ಣಾ. ಇವತ್ತು ಒಂದು ರೌಂಡ್ ಹೊಡ್ಕೊಂಡು ಬರ್ತೀನಿ" ಎಂದು ಕಿಕ್ ಹೊಡೆಯಲು ಕಾಲೆತ್ತಿದ. ಮೂಲೆಯಲ್ಲಿ ಕೂತಿದ್ದ ಅಮ್ಮ ಎದ್ದು ಬಂದು ಬೈಕಿನ ಕೀ ಕಿತ್ತುಕೊಂಡಳು. ಪೂಜೆಯ ಮಣೆಯಿಂದ ಸ್ಪ್ಯಾನರ್ ಎತ್ತಿ, ಸೆರಗಿನಿಂದ ಕುಂಕುಮ ಒರೆಸಿ, ನನ್ನ ಕೈಗಿಟ್ಟಳು.

"ಬಿಚ್ಚೋ. ಈಗ್ಲೇ ಬಿಚ್ಚು."